ಕಾರಿನ ಚಕ್ರದ ಕೀಚಲು ಸದ್ದು: ತೊಂದರೆ ಇದ್ದದ್ದು ಸ್ಲೈಡ್ ಪಿನ್ನಿನಲ್ಲಿ

ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ಹತ್ತು-ಹದಿನೈದು ಕಿಲೋಮೀಟರ್ ಆದಮೇಲೆ ಮುಂದಿನ ಎಡಚಕ್ರದಿಂದ ಕೀಚ್ ಕೀಚ್ ಸದ್ದು. ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟರೆ ಬಂದ್. ಗಾಡಿ ತಣ್ಣಗಿದ್ದಾಗ ಏನೂ ಇಲ್ಲ, ಹಾಗಾಗಿ ಗ್ಯಾರೇಜಿನಲ್ಲಿ ತೋರಿಸುವಾಗ ಸದ್ದೇ ಬರುತ್ತಿರಲಿಲ್ಲ.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದೆ. ಹೊಸ ಬ್ರೇಕ್ ಪ್ಯಾಡ್ ಹಾಕಿಸಿದೆ. ವಾರದಲ್ಲಿ ಸದ್ದು ವಾಪಸ್. ಬೇರಿಂಗ್ ಬದಲಿಸಿ ಎಂದರು. ಬೇರಿಂಗ್ ಹೋದರೆ ಗುಂಯ್ ಎನ್ನುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುವುದಿಲ್ಲ. ಒಪ್ಪಲಿಲ್ಲ.

ಸುಳಿವು ಸಿಕ್ಕಿದ್ದು ಶಾಖದಿಂದ. ಸದ್ದು ಬರುವಾಗಲೇ, ಬ್ರೇಕ್ ಆದಷ್ಟು ಕಡಿಮೆ ಬಳಸಿ ಗಾಡಿ ನಿಲ್ಲಿಸಿ, ಒಂದೊಂದು ರಿಮ್ಮಿನ ಹತ್ತಿರ ಮುಟ್ಟದೆ ಅಂಗೈ ಹಿಡಿದೆ. ಎಡದ್ದು ಮಾತ್ರ ಕಾದಿತ್ತು. ಅಂದರೆ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಬಿಡುತ್ತಿಲ್ಲ.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ನಟ್ ಸಡಿಲಿಸಿ, ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತೆಗೆದು ತಂತಿಯಿಂದ ಕಟ್ಟಿದೆ. ಬ್ರೇಕ್ ಪೈಪಿನ ಮೇಲೆ ಭಾರ ಬೀಳಲೇಬಾರದು. ಕ್ಯಾಲಿಪರ್ ಆಚೀಚೆ ಜಾರುವುದು ಎರಡು ಸ್ಲೈಡ್ ಪಿನ್ನುಗಳ ಮೇಲೆ; ಅವು ಹಿಡಿದುಕೊಂಡರೆ ಪ್ಯಾಡ್ ಡಿಸ್ಕಿನಿಂದ ಬಿಡುವುದಿಲ್ಲ. ಮೇಲಿನ ಪಿನ್ ಕೈಯಲ್ಲೇ ಸರಿಯುತ್ತಿತ್ತು, ಕೆಳಗಿನದು ಜಪ್ಪಯ್ಯ ಎನ್ನಲಿಲ್ಲ. ಪಿನ್ನಿಗೆ ಹೊದಿಸಿದ ರಬ್ಬರ್ ಬೂಟ್ ಹರಿದು, ಧೂಳು ಹೊಕ್ಕು, ಗ್ರೀಸ್ ಗಟ್ಟಿಯಾಗಿತ್ತು. ತಿರುಗಿಸುತ್ತ ಎಳೆದೆ. ಪಿನ್ನನ್ನೂ ಅದರ ತೂತನ್ನೂ ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಿ, ಹೊಸ ಬೂಟ್ ಹಾಕಿ, ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಸವರಿದೆ. ಸಾಮಾನ್ಯ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಎರಡು ಪಿನ್ ಅದಲುಬದಲಾಗದಂತೆ ನೋಡಿಕೊಳ್ಳಿ. ಬೋಲ್ಟುಗಳನ್ನು ಗಾಡಿಯ ಮ್ಯಾನುಯಲ್‌ನಲ್ಲಿರುವ ಟಾರ್ಕಿಗೇ (ಬಿಗಿತದ ಅಳತೆಗೇ) ಬಿಗಿಯಿರಿ. ಹೊರಡುವ ಮೊದಲು ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು.

ಮತ್ತೆ ಅದೇ ರಸ್ತೆಯಲ್ಲಿ ಓಡಿಸಿ ಅಂಗೈ ಹಿಡಿದೆ: ಮುಂದಿನ ಎರಡೂ ಚಕ್ರ ಒಂದೇ ಬಿಸಿ, ಸದ್ದಿಲ್ಲ.