ಪ್ರೊಜೆಕ್ಟರ್ ರಿಮೋಟ್ ಕೈಗೆ ಬಂದಾಗ

ಶಾಲೆಯ ಗ್ಯಾದರಿಂಗ್ ಇರಲಿ, ಮದುವೆ ಮನೆಯಲ್ಲಿ ಫೋಟೊ ತೋರಿಸುವುದಿರಲಿ, ಗಣಪತಿ ಪೆಂಡಾಲಿನಲ್ಲಿ ಕ್ರಿಕೆಟ್ ಹಾಕುವುದಿರಲಿ, ಪ್ರೊಜೆಕ್ಟರ್ ಬಂದ ಕಡೆಯೆಲ್ಲ ಒಂದು ಮಾತು ಏಳುತ್ತದೆ: ‘ರಿಮೋಟ್ ಯಾರ ಕೈಯಾಗೈತ್ರೀ?’ ರಿಮೋಟ್ ಸಿಕ್ಕ ಮೇಲೆ ಎರಡನೇ ಮಾತು: ‘ಅದೊಂದು ಬಟನ್ ಒತ್ತಿ ನೋಡೋ ತಮ್ಮಾ.’ ಯಾವ ಬಟನ್ ಅನ್ನುವುದು ಹೇಳಿದವರಿಗೂ ಗೊತ್ತಿಲ್ಲ, ಒತ್ತುವ ತಮ್ಮನಿಗೂ ಗೊತ್ತಿಲ್ಲ.

ನಾನು ಧಾರವಾಡದವನು. ತರಬೇತಿ ಕೊಡಲು ಹುಬ್ಬಳ್ಳಿ, ಗದಗ, ಹಾವೇರಿ ಅಂತ ಓಡಾಡುತ್ತಿರುತ್ತೇನೆ. ಹೋದ ಕಡೆಯೆಲ್ಲ ಬೇರೆ ಪ್ರೊಜೆಕ್ಟರ್, ಬೇರೆ ರಿಮೋಟ್. ಆದರೆ ಜಗಳ ಮಾತ್ರ ಎಲ್ಲ ಕಡೆ ಒಂದೇ. ಲ್ಯಾಪ್‌ಟಾಪ್ ಮಾಡಬೇಕಾದ್ದನ್ನು, ವೈರ್ ಮಾಡಬೇಕಾದ್ದನ್ನು, ಲೆನ್ಸಿನ ಸುತ್ತ ಇರುವ ಉಂಗುರ ಮಾಡಬೇಕಾದ್ದನ್ನು ಎಲ್ಲ ರಿಮೋಟಿನಿಂದಲೇ ಮಾಡಿಸಲು ಹೋಗುತ್ತೇವೆ. ರಿಮೋಟ್ ಮಾತಾಡುವುದು ಪ್ರೊಜೆಕ್ಟರ್ ಜೊತೆ ಮಾತ್ರ. ಇದೊಂದು ತಲೆಯಲ್ಲಿದ್ದರೆ ಅರ್ಧ ಬಟನ್‌ಗಳ ಗೊಂದಲ ಅಲ್ಲೇ ಹೋಗುತ್ತದೆ.

ಮೊದಲು ಸೆಲ್ ನೋಡಿ

ಹೆಚ್ಚಿನ ರಿಮೋಟ್‌ಗಳಿಗೆ ಬೇಕಾದ್ದು ಎರಡು ಸಣ್ಣ ಸೆಲ್, ಟಿವಿ ರಿಮೋಟಿಗೆ ಹಾಕುವಂಥವೇ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ರಿಮೋಟ್ ಆದರೆ ರೂಪಾಯಿ ನಾಣ್ಯದಂಥ ಚಪ್ಪಟೆ ಸೆಲ್ ಇರುತ್ತದೆ. ಹೊಸದಾಗಿದ್ದರೆ ಅದರ ಹಿಂದೆ ಒಂದು ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿರುತ್ತಾರೆ. ಅದನ್ನು ಎಳೆದು ತೆಗೆಯದೆ ಕರೆಂಟ್ ಹರಿಯುವುದಿಲ್ಲ. ‘ಹೊಸಾ ರಿಮೋಟ್ ಕೆಟ್ಟೈತ್ರಿ’ ಅಂತ ಅಂಗಡಿಗೆ ವಾಪಸ್ ತಂದವರನ್ನು ನಾನೇ ನೋಡಿದ್ದೇನೆ. ಒಂದು ಹಳೇ ಸೆಲ್ಲು, ಒಂದು ಹೊಸದು ಅಂತ ಜೋಡಿ ಮಾಡಬೇಡಿ. ಹಳೆಯದು ಸೋರಿ ಒಳಗಿನ ತಗಡಿಗೆ ತುಕ್ಕು ಹಿಡಿಸುತ್ತದೆ.

ರಿಮೋಟ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಮೊಬೈಲ್ ಸಾಕು. ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಯಾವುದಾದರೂ ಬಟನ್ ಒತ್ತಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕ್ಯಾಮೆರಾದಲ್ಲಿ ಬಿಳಿ ಅಥವಾ ನೇರಳೆಯಾಗಿ ಮಿನುಗುತ್ತದೆ. ಕೆಲವು ಫೋನ್‌ಗಳ ಹಿಂದಿನ ಕ್ಯಾಮೆರಾ ಈ ಬೆಳಕನ್ನು ಸೋಸಿಬಿಡುತ್ತದೆ. ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಮಿನುಗಿದರೆ ರಿಮೋಟ್ ಸರಿ ಇದೆ, ತೊಂದರೆ ಬೇರೆ ಕಡೆ ಇದೆ.

ಈ ಬೆಳಕು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗುತ್ತದೆ. ಆ ಲಯವನ್ನು ಹಿಡಿದೇ ಪ್ರೊಜೆಕ್ಟರ್ ‘ಇದು ರಿಮೋಟಿನ ಮಾತು’ ಎಂದು ಗುರುತಿಸುವುದು. ಬಿಸಿಲು ನೇರವಾಗಿ ಅದರ ಕಣ್ಣಿಗೆ ಬಿದ್ದರೆ ಮಾತು ಸರಿಯಾಗಿ ಕೇಳಿಸುವುದಿಲ್ಲ. ಆ ಕಣ್ಣು ಅಂದರೆ ಒಂದು ಕಪ್ಪು ಅಥವಾ ಕಡುಗೆಂಪು ಕಿಂಡಿ, ಮುಂದೆ ಇರುತ್ತದೆ. ಕೆಲವಕ್ಕೆ ಹಿಂದೆಯೂ ಒಂದು ಇರುತ್ತದೆ. ನೀವು ಹಿಂದೆ ನಿಂತಿದ್ದು, ಕಣ್ಣು ಮುಂದೆ ಮಾತ್ರ ಇದ್ದರೆ ಎದ್ದು ಹೋಗಬೇಕಿಲ್ಲ. ರಿಮೋಟನ್ನು ಬಿಳಿ ಪರದೆಯತ್ತ ಹಿಡಿದು ಒತ್ತಿ. ಬೆಳಕು ಪರದೆಗೆ ಬಡಿದು ವಾಪಸ್ ಬರುತ್ತದೆ. ಸಣ್ಣ ಕೋಣೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ದೊಡ್ಡ ಸಭಾಂಗಣದಲ್ಲಿ ಸುಮ್ನೆ ಹತ್ತಿರ ಹೋಗುವುದೇ ವಾಸಿ.

ಹಚ್ಚುವುದು

ಪವರ್ ಬಟನ್ ಸಾಮಾನ್ಯವಾಗಿ ಮೇಲ್ತುದಿಯಲ್ಲಿ ಇರುತ್ತದೆ. ಒಂದೇ ಸಲ ಒತ್ತಿ, ಕೈ ಬಿಡಿ. ಇಲ್ಲಿ ತಾಳ್ಮೆ ಬೇಕು. ಬಲ್ಬ್ ಇರುವ ಪ್ರೊಜೆಕ್ಟರ್ ಆದರೆ ಚಿತ್ರ ಬರಲು ಅರ್ಧ ನಿಮಿಷವಾದರೂ ಬೇಕು, ಪೂರ್ತಿ ಬೆಳಕಾಗಲು ಇನ್ನೂ ಸ್ವಲ್ಪ ಹೊತ್ತು. ಏನೂ ಕಾಣಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದರೆ ‘ಆಫ್ ಮಾಡಲೇ?’ ಎಂಬ ಪ್ರಶ್ನೆ ಪರದೆ ಮೇಲೆ ಬರುತ್ತದೆ. ಅದರ ಮೇಲೆ ಇನ್ನೊಂದು ಸಲ ಒತ್ತಿದರೆ ಆಫ್ ಆಗಿಯೇ ಬಿಡುತ್ತದೆ. ಈ ಬಲ್ಬಿನೊಳಗೆ ಪಾದರಸದ ಆವಿ ಭಾರೀ ಒತ್ತಡದಲ್ಲಿ ಉರಿಯುತ್ತದೆ. ಬಿಸಿ ಇರುವಾಗ ಅದು ಮತ್ತೆ ಹೊತ್ತಿಕೊಳ್ಳುವುದಿಲ್ಲ, ಆರುವತನಕ ಕಾಯಲೇಬೇಕು. ಸ್ವಾಗತ ಭಾಷಣ ಎರಡು ಸಲ ಆಗುವುದು ಹೀಗೆ!

ಲೇಸರ್ ಮತ್ತು ಎಲ್‌ಇಡಿ ಪ್ರೊಜೆಕ್ಟರ್‌ಗಳಿಗೆ ಈ ಕಾಟ ಕಡಿಮೆ. ಬೇಗ ಹತ್ತುತ್ತವೆ, ಬೇಗ ಆರುತ್ತವೆ.

ನೀಲಿ ಪರದೆ, ‘ನೋ ಸಿಗ್ನಲ್’

ಈಗ ‘ಸೋರ್ಸ್’ ಬಟನ್. ಕೆಲವು ರಿಮೋಟ್‌ಗಳಲ್ಲಿ ‘ಇನ್‌ಪುಟ್’ ಅಥವಾ ‘ಸರ್ಚ್’ ಅಂತ ಇರುತ್ತದೆ. ಪ್ರೊಜೆಕ್ಟರಿನ ಬೆನ್ನ ಹಿಂದೆ ನಾಲ್ಕಾರು ಕಿಂಡಿಗಳು ಇರುತ್ತವೆ. ಯಾವ ಕಿಂಡಿಯಿಂದ ಚಿತ್ರ ತೆಗೆದುಕೊಳ್ಳಬೇಕು ಎಂದು ಹೇಳುವುದೇ ಈ ಬಟನ್ನಿನ ಕೆಲಸ. ಒತ್ತಿದರೆ ಕೆಲವು ತಾವೇ ಹುಡುಕುತ್ತವೆ, ಕೆಲವು ಪಟ್ಟಿ ತೋರಿಸುತ್ತವೆ. ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ವೈರನ್ನು ‘ಎಚ್‌ಡಿಎಂಐ 1’ ಎಂಬ ಕಿಂಡಿಗೆ ಹಾಕಿದ್ದರೆ ಪಟ್ಟಿಯಲ್ಲಿ ಅದನ್ನೇ ಆರಿಸಿ. ನೀಲಿ ಮೂತಿಯ ಹಳೇ ವೈರ್ ಆದರೆ ‘ವಿಜಿಎ’, ‘ಪಿಸಿ’ ಅಥವಾ ‘ಕಂಪ್ಯೂಟರ್’ ಅಂತ ಇರುವುದು.

ಸೋರ್ಸ್ ಸರಿ ಇದ್ದೂ ಚಿತ್ರ ಬರಲಿಲ್ಲ ಅಂದರೆ ರಿಮೋಟ್ ಕೆಳಗಿಡಿ. ಲ್ಯಾಪ್‌ಟಾಪ್ ಚಿತ್ರ ಕಳಿಸುತ್ತಲೇ ಇಲ್ಲ. ವಿಂಡೋಸ್ ಗುರುತಿನ ಕೀ ಹಿಡಿದುಕೊಂಡು ‘ಪಿ’ ಒತ್ತಿ, ‘ಡುಪ್ಲಿಕೇಟ್’ ಆರಿಸಿ. ಹತ್ತರಲ್ಲಿ ಏಳು ಸಲ ಕೆಲಸ ಮುಗಿದಿರುತ್ತದೆ. ಉಳಿದ ಮೂರು ಸಲ ವೈರ್ ಸಡಿಲ. ಇದು ನನ್ನ ಲೆಕ್ಕ, ಎಲ್ಲೂ ಬರೆದಿಟ್ಟದ್ದಲ್ಲ.

‘ಆಟೊ’ ಎಂಬ ಬಟನ್ ಇದ್ದರೆ ಅದು ವಿಜಿಎ ವೈರಿಗೆ. ಚಿತ್ರ ಒಂದು ಬದಿಗೆ ಸರಿದಿದ್ದರೆ, ನಡುಗುತ್ತಿದ್ದರೆ ಸರಿಮಾಡುತ್ತದೆ. ಎಚ್‌ಡಿಎಂಐ ವೈರ್ ಇದ್ದಾಗ ಅದನ್ನು ಒತ್ತಿ ಪ್ರಯೋಜನ ಇಲ್ಲ.

ಮೊರದ ಆಕಾರದ ಚಿತ್ರ

ಪ್ರೊಜೆಕ್ಟರನ್ನು ಟೇಬಲ್ ಮೇಲಿಟ್ಟು ಮೂತಿ ಎತ್ತಿದರೆ ಚಿತ್ರ ಮೇಲೆ ಅಗಲ, ಕೆಳಗೆ ಸಣ್ಣ ಆಗುತ್ತದೆ. ಜೋಳ ಹಸನು ಮಾಡುವ ಮೊರ ನೋಡಿದ್ದೀರಲ್ಲ, ಥೇಟ್ ಹಾಗೆ. ಅದನ್ನು ಚೌಕ ಮಾಡುವುದು ‘ಕೀಸ್ಟೋನ್’ ಬಟನ್. ಕೆಲವು ರಿಮೋಟ್‌ಗಳಲ್ಲಿ ಹೆಸರೇ ಇರುವುದಿಲ್ಲ, ಮೊರದಂಥ ಪುಟ್ಟ ಚಿತ್ರ ಮಾತ್ರ ಇರುತ್ತದೆ. ಒಂದು ಮೇಲಗಲ, ಒಂದು ಕೆಳಗಲ. ಒಂದನ್ನು ಒತ್ತಿ ನೋಡಿ, ಚಿತ್ರ ಇನ್ನೂ ಸೊಟ್ಟಾದರೆ ಇನ್ನೊಂದನ್ನು ಒತ್ತಿ.

ಆದರೆ ಈ ಬಟನ್ನಿನ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಪ್ರೊಜೆಕ್ಟರಿನಲ್ಲಿ ಚಿತ್ರ ಮೂಡಿಸುವ ಚುಕ್ಕಿಗಳ ಸಂಖ್ಯೆ ಗೊತ್ತುಪಡಿಸಿದ್ದು. ಶಾಲೆಗಳಲ್ಲಿ ಸಿಗುವ ಹಳೆಯವುಗಳಲ್ಲಿ ಅಡ್ಡ 1024, ಉದ್ದ 768. ಕೀಸ್ಟೋನ್ ಮಾಡಿದಾಗ ಪ್ರೊಜೆಕ್ಟರ್ ಒಂದಷ್ಟು ಚುಕ್ಕಿಗಳನ್ನು ಕತ್ತಲಲ್ಲಿ ಬಿಟ್ಟು, ಉಳಿದ ಚುಕ್ಕಿಗಳಲ್ಲೇ ಇಡೀ ಚಿತ್ರವನ್ನು ತುರುಕುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ನಮ್ಮ ಒತ್ತಕ್ಷರಗಳ ಗತಿ ಕಷ್ಟ. ‘ಸ್ತ್ರೀ’ ಎಂಬುದನ್ನು ಹಿಂದಿನ ಸಾಲಿನಿಂದ ಓದಲು ಆಗುವುದಿಲ್ಲ. ಹಾಗಾಗಿ ಮೊದಲು ಪ್ರೊಜೆಕ್ಟರನ್ನೇ ಎತ್ತರಕ್ಕೆ ಇಡಿ, ಪರದೆಗೆ ನೇರ ಮುಖ ಮಾಡಿ. ಉಳಿದ ಸೊಟ್ಟಕ್ಕೆ ಮಾತ್ರ ಕೀಸ್ಟೋನ್ ಬಳಸಿ.

ಅಕ್ಷರ ಮಸುಕು ಅಂತ ರಿಮೋಟಿನಲ್ಲಿ ‘ಫೋಕಸ್’ ಹುಡುಕುವವರು ಬಹಳ. ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಅದು ಲೆನ್ಸಿನ ಉಂಗುರದ ಕೆಲಸ. ಎದ್ದು ಹೋಗಿ ತಿರುಗಿಸಬೇಕು. ಚಿತ್ರ ದೊಡ್ಡದು ಸಣ್ಣದು ಮಾಡುವುದೂ ಅಲ್ಲೇ ಪಕ್ಕದ ಉಂಗುರದಲ್ಲಿ. ರಿಮೋಟಿನಲ್ಲಿರುವ ‘ಇ-ಜೂಮ್’ ಬೇರೆ. ಅದು ಚಿತ್ರದ ಒಂದು ಭಾಗವನ್ನು ಮಾತ್ರ ಹಿಗ್ಗಿಸಿ ಉಳಿದದ್ದನ್ನು ಪರದೆಯಿಂದ ಹೊರಗೆ ತಳ್ಳುತ್ತದೆ. ನಕ್ಷೆ ತೋರಿಸುವಾಗ ಒಳ್ಳೆಯದು. ಗೊತ್ತಿಲ್ಲದೆ ಒತ್ತಿ ಅರ್ಧ ಚಿತ್ರ ಮಾಯವಾದರೆ ಮೈನಸ್ ಗುರುತನ್ನು ಒತ್ತುತ್ತಾ ಹೋಗಿ, ಅಥವಾ ‘ಎಸ್ಕ್’ ಒತ್ತಿ.

ಮಾತಾಡುವವರ ಗೆಳೆಯರು

ನನಗೆ ಇಡೀ ರಿಮೋಟಿನಲ್ಲಿ ಪ್ರೀತಿಯ ಬಟನ್ ಎರಡು. ಒಂದು ‘ಫ್ರೀಜ್’. ಒತ್ತಿದರೆ ಪರದೆಯ ಚಿತ್ರ ಅಲ್ಲೇ ನಿಲ್ಲುತ್ತದೆ. ಆಗ ಲ್ಯಾಪ್‌ಟಾಪಿನಲ್ಲಿ ಬೇರೆ ಫೈಲ್ ಹುಡುಕಬಹುದು, ಪಾಸ್‌ವರ್ಡ್ ಹಾಕಬಹುದು, ಮನೆಯಿಂದ ಬಂದ ವಾಟ್ಸ್‌ಆ್ಯಪ್ ಮೆಸೇಜನ್ನೂ ನೋಡಬಹುದು, ಜನರಿಗೆ ಕಾಣುವುದಿಲ್ಲ. ಮತ್ತೆ ಒತ್ತಿದರೆ ಬಿಡುಗಡೆ.

ಬಿಡುಗಡೆ ಮಾಡುವುದನ್ನು ಮರೆತರೆ? ಗದಗಿನ ಒಂದು ತರಬೇತಿಯಲ್ಲಿ ನಾನು ಮರೆತೆ. ಹನ್ನೊಂದು ಸ್ಲೈಡ್ ಮುಂದೆ ಹೋಗಿ, ಲ್ಯಾಪ್‌ಟಾಪ್ ನೋಡಿಕೊಂಡು ಜೋರಾಗಿ ವಿವರಿಸುತ್ತಿದ್ದೆ. ಜನ ಮೊದಲನೇ ಸ್ಲೈಡನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ಹಿಂದಿನಿಂದ ಒಬ್ಬರು ಅಕ್ಕಾರು ಎದ್ದು, ‘ಸರ್ರ, ನೀವು ಮುಂದ ಹೋಗೀರಿ, ಅದು ಇನ್ನೂ ಬಂದಿಲ್ರಿ’ ಅಂದರು.

ಇನ್ನೊಂದು ‘ಬ್ಲ್ಯಾಂಕ್’. ಕೆಲವು ಕಂಪನಿಗಳು ಇದನ್ನು ‘ಎ/ವಿ ಮ್ಯೂಟ್’ ಎನ್ನುತ್ತವೆ, ಕೆಲವು ‘ಹೈಡ್’ ಎನ್ನುತ್ತವೆ. ಒತ್ತಿದರೆ ಪರದೆ ಕಪ್ಪಾಗುತ್ತದೆ. ಜನರ ಕಣ್ಣು ಪರದೆ ಬಿಟ್ಟು ನಿಮ್ಮ ಕಡೆ ತಿರುಗುತ್ತದೆ. ಚರ್ಚೆಯ ಹೊತ್ತಿಗೆ, ದೀಪ ಬೆಳಗಿಸುವಾಗ, ಸನ್ಮಾನದ ಹೊತ್ತಿಗೆ ಇದು ಬೇಕೇ ಬೇಕು. ಇಲ್ಲವಾದರೆ ಅತಿಥಿಗಳ ಮುಖದ ಮೇಲೆ ನಿಮ್ಮ ಸ್ಲೈಡಿನ ಅಕ್ಷರ ಹರಿದಾಡುತ್ತವೆ. ಬಲ್ಬ್ ಮಾತ್ರ ಒಳಗೆ ಉರಿಯುತ್ತಲೇ ಇರುತ್ತದೆ. ಊಟದ ಬಿಡುವು ಅಂದರೆ ಪೂರ್ತಿ ಆಫ್ ಮಾಡಿ.

‘ಪೇಜ್ ಅಪ್’, ‘ಪೇಜ್ ಡೌನ್’ ಒತ್ತಿದರೂ ಸ್ಲೈಡ್ ಬದಲಾಗುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ಲ್ಯಾಪ್‌ಟಾಪಿಗೆ ರಿಮೋಟಿನ ಬೆಳಕು ಕಾಣುವ ಕಣ್ಣೇ ಇಲ್ಲವಲ್ಲ. ಪ್ರೊಜೆಕ್ಟರಿಂದ ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ವೈರ್ ಎಳೆದಾಗ ಮಾತ್ರ ಆ ಮಾತು ಅಲ್ಲಿಗೆ ತಲುಪುತ್ತದೆ, ಅದೂ ಆ ಸೌಲಭ್ಯ ಇರುವ ಮಾದರಿಗಳಲ್ಲಿ. ಅದಕ್ಕಿಂತ ಲ್ಯಾಪ್‌ಟಾಪಿಗೆ ಪುಟ್ಟ ಕಡ್ಡಿ ಸಿಕ್ಕಿಸಿ ಸ್ಲೈಡ್ ಬದಲಿಸುವ ಬೇರೆ ಕ್ಲಿಕ್ಕರ್ ಕೊಳ್ಳುವುದು ಸುಲಭ. ರಿಮೋಟಿನಲ್ಲೇ ಕೆಂಪು ಲೇಸರ್ ಇದ್ದರೆ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಹಾನಿ.

ವಾಲ್ಯೂಮ್ ಬಟನ್ ಏರಿಸಿ ಇಳಿಸುವುದು ಪ್ರೊಜೆಕ್ಟರಿನೊಳಗಿನ ಪುಟ್ಟ ಸ್ಪೀಕರನ್ನು. ಎಚ್‌ಡಿಎಂಐ ವೈರ್ ಹಾಕಿದ ಕೂಡಲೇ ಲ್ಯಾಪ್‌ಟಾಪ್ ಧ್ವನಿಯನ್ನೂ ಅತ್ತ ಕಳಿಸಿಬಿಡಬಹುದು. ಆಗ ಮೈಕಿನವರ ದೊಡ್ಡ ಬಾಕ್ಸುಗಳು ಸುಮ್ಮನಾಗುತ್ತವೆ. ಮೈಕಿನವರನ್ನು ಬಯ್ಯಬೇಡಿ. ಲ್ಯಾಪ್‌ಟಾಪಿನ ಸ್ಪೀಕರ್ ಗುರುತು ಒತ್ತಿ, ಧ್ವನಿ ಎಲ್ಲಿಗೆ ಹೋಗಬೇಕು ಎಂದು ಬದಲಾಯಿಸಿ.

ಮುಖ ಉದ್ದ, ಬಣ್ಣ ಪೇಲವ

ಮದುಮಗಳ ಮುಖ ಬೇಕಾದ್ದಕ್ಕಿಂತ ಉದ್ದ ಕಂಡರೆ ‘ಆಸ್ಪೆಕ್ಟ್’ ಒತ್ತಿ. ಈಗಿನ ವಿಡಿಯೊಗಳ ಅಗಲ-ಎತ್ತರದ ಅಳತೆ 16:9. ಹಳೇ ಪ್ರೊಜೆಕ್ಟರಿನದು 4:3. ಅಗಲದ ಚಿತ್ರವನ್ನು ಹಿಂಡಿ ಚೌಕಕ್ಕೆ ತುಂಬಿಸಿದಾಗ ಎಲ್ಲರೂ ಸಣಕಲಾಗುತ್ತಾರೆ. ಒಂದೆರಡು ಸಲ ಒತ್ತಿದರೆ ಮುಖ ಮೊದಲಿನಂತಾಗುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ ಬಿಡಿ.

‘ಕಲರ್ ಮೋಡ್’ ಅಥವಾ ‘ಮೋಡ್’ ಒತ್ತಿದಾಗ ಡೈನಾಮಿಕ್, ಪ್ರೆಸೆಂಟೇಶನ್, ಸಿನಿಮಾ ಅಂತ ಹೆಸರುಗಳು ಬರುತ್ತವೆ. ಹಗಲು ಕಿಟಕಿ ತೆರೆದಿದ್ದರೆ ಡೈನಾಮಿಕ್, ರಾತ್ರಿ ಕತ್ತಲಲ್ಲಿ ಸಿನಿಮಾ. ಶಾಲೆಯವರು ‘ಬ್ಲ್ಯಾಕ್‌ಬೋರ್ಡ್’ ಎಂಬುದನ್ನು ಹುಡುಕಿ. ಪರದೆ ಇಲ್ಲದೆ ಹಸಿರು ಬೋರ್ಡಿನ ಮೇಲೇ ಚಿತ್ರ ಬಿಟ್ಟಾಗ ಬಣ್ಣ ಕೆಡದಂತೆ ಅದು ಸರಿದೂಗಿಸುತ್ತದೆ. ಗೋಡೆಗೆ ಬಿಳಿ ಧೋತರ ಕಟ್ಟಿದರೆ ಅದೂ ಬೇಕಿಲ್ಲ.

‘ಇಕೋ’ ಒತ್ತಿದರೆ ಬೆಳಕು ಸ್ವಲ್ಪ ಇಳಿಯುತ್ತದೆ, ಫ್ಯಾನ್ ಸದ್ದು ತಗ್ಗುತ್ತದೆ, ಬಲ್ಬ್ ಹೆಚ್ಚು ಕಾಲ ಬಾಳುತ್ತದೆ. ಚಿಕ್ಕ ಕೋಣೆಯಲ್ಲಿ ಸದಾ ಇಕೋದಲ್ಲೇ ಇಡಿ. ಹೊಸ ಬಲ್ಬಿನ ಬೆಲೆ ಕೇಳಿದವರಿಗೆ ನಾನು ಹೇಳುವುದೇ ಬೇಡ.

ಮೆನು ಮತ್ತು ತಲೆಕೆಳಗಾದ ಚಿತ್ರ

‘ಮೆನು’ ಒತ್ತಿದರೆ ಉಳಿದ ಎಲ್ಲವೂ ಸಿಗುತ್ತದೆ. ಬಾಣಗಳಿಂದ ಓಡಾಡಿ, ‘ಎಂಟರ್’ ಒತ್ತಿ ಒಳಗೆ ಹೋಗಿ, ‘ಎಸ್ಕ್’ ಅಥವಾ ‘ರಿಟರ್ನ್’ ಒತ್ತಿ ಹೊರಗೆ ಬನ್ನಿ. ಏನಾದರೂ ಕೆಟ್ಟೀತು ಅಂತ ಹೆದರುವವರಿಗೆ ಒಂದು ಮಾತು: ‘ರೀಸೆಟ್’ ಅಂತ ಒಂದು ಸಾಲು ಅದರಲ್ಲೇ ಇರುತ್ತದೆ, ಆರಿಸಿದರೆ ಎಲ್ಲವೂ ಹೊಸದರಲ್ಲಿ ಇದ್ದಂತಾಗುತ್ತದೆ.

ಛತ್ತಿಗೆ ತೂಗುಹಾಕಿದ ಪ್ರೊಜೆಕ್ಟರ್ ಕೆಳಗಿಳಿಸಿ ಟೇಬಲ್ ಮೇಲಿಟ್ಟರೆ ಚಿತ್ರ ತಲೆಕೆಳಗೆ ಬರುತ್ತದೆ. ಮೆನುವಿನಲ್ಲಿ ‘ಪ್ರೊಜೆಕ್ಷನ್’ ಹುಡುಕಿ, ‘ಫ್ರಂಟ್’ ಎಂದು ಬದಲಾಯಿಸಿ. ಎಪ್ಸನ್ ಕಂಪನಿಯ ಹಲವು ಮಾದರಿಗಳಲ್ಲಿ ‘ಎ/ವಿ ಮ್ಯೂಟ್’ ಬಟನ್ನನ್ನು ಐದು ಸೆಕೆಂಡ್ ಒತ್ತಿ ಹಿಡಿದರೆ ಚಿತ್ರ ತಾನೇ ಮಗುಚಿಕೊಳ್ಳುತ್ತದೆ. ‘ಐಡಿ’ ಬಟನ್ ಒಂದೇ ಸಭಾಂಗಣದಲ್ಲಿ ಎರಡು ಮೂರು ಪ್ರೊಜೆಕ್ಟರ್ ಇರುವ ಕಡೆಗೆ. ನಮಗೆ ಬೇಕಿಲ್ಲ. ಮುಟ್ಟಬೇಡಿ.

ಮನೆಗೆ ತರುವ ಪುಟ್ಟ ಆಂಡ್ರಾಯ್ಡ್ ಪ್ರೊಜೆಕ್ಟರ್‌ಗಳ ರಿಮೋಟ್ ಸ್ವಲ್ಪ ಬೇರೆ. ಮನೆಯ ಗುರುತು, ಮೈಕಿನ ಗುರುತು, ಕೆಲವದರಲ್ಲಿ ಫೋಕಸ್ ಬಟನ್ ಸಹ ರಿಮೋಟಿನಲ್ಲೇ ಇರುತ್ತದೆ. ಮೈಕಿನ ಬಟನ್ ಕೆಲಸ ಮಾಡದಿದ್ದರೆ ರಿಮೋಟನ್ನು ಬ್ಲೂಟೂತ್‌ನಲ್ಲಿ ಜೋಡಿಸಿಲ್ಲ ಎಂದೇ ಹೆಚ್ಚಾಗಿ ಅರ್ಥ.

ಆರಿಸುವುದು

ಪವರ್ ಒತ್ತಿ. ಪರದೆ ಮೇಲೆ ಪ್ರಶ್ನೆ ಬರುತ್ತದೆ. ಇನ್ನೊಮ್ಮೆ ಒತ್ತಿ. ಚಿತ್ರ ಹೋಗುತ್ತದೆ, ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ, ಪ್ರೊಜೆಕ್ಟರಿನ ಮೈಮೇಲಿನ ಪುಟ್ಟ ದೀಪ ಮಿನುಗುತ್ತಿರುತ್ತದೆ. ಒಳಗಿನ ಬಿಸಿ ಹೊರಹೋಗುವ ಹೊತ್ತು ಅದು. ಒಂದೆರಡು ನಿಮಿಷ ಬೇಕು. ಕಾರ್ಯಕ್ರಮ ಮುಗಿಯಿತು ಅಂತ ಶಾಮಿಯಾನದವರು ಇದೇ ಹೊತ್ತಿಗೆ ಪ್ಲಗ್ ಕಿತ್ತುಬಿಡುತ್ತಾರೆ. ಅದಕ್ಕೇ ನಾನು ವಂದನಾರ್ಪಣೆ ಶುರುವಾದಾಗಲೇ ಪವರ್ ಒತ್ತಿಬಿಡುತ್ತೇನೆ. ವಂದನಾರ್ಪಣೆ ಮುಗಿಯುವಷ್ಟರಲ್ಲಿ ಎಂಥ ಬಲ್ಬೂ ಆರಿರುತ್ತದೆ.

ಬಹಳ ದಿನ ಬಳಸುವುದಿಲ್ಲ ಅಂದರೆ ಸೆಲ್ ತೆಗೆದಿಡಿ. ಪ್ರೊಜೆಕ್ಟರಿನ ಹೊಟ್ಟೆಯ ಕೆಳಗೆ ಅಂಟಿಸಿರುವ ಚೀಟಿಯ ಫೋಟೊ ಒಂದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಮಾದರಿ ಸಂಖ್ಯೆ ಇರುತ್ತದೆ. ರಿಮೋಟ್ ಕಳೆದು ಹುಬ್ಬಳ್ಳಿಯ ಅಂಗಡಿಗೆ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.