ಸೋಮವಾರದ ದರ, ಗುರುವಾರದ ದರ

ಬ್ಯಾಡಗಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಇಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ‘ಗುರುವಾರ ತಂದವನು ಕೆಟ್ಟ, ದರವೇ ಸಿಗುವುದಿಲ್ಲ’ ಎಂದು ಕುಂದಗೋಳ ಕಡೆಯ ರೈತರು ಪ್ರತಿ ಹಂಗಾಮಿನಲ್ಲೂ ಗೊಣಗುತ್ತಿದ್ದರು. ಕೇಳಿ ಕೇಳಿ ಸಾಕಾದ ಮಾಲೀಕರು ಒಂದು ದಿನ, ‘ನಿಜವೋ ಸುಳ್ಳೋ ತೆಗೆದು ತೋರಿಸು’ ಎಂದರು.

ಕಂಪ್ಯೂಟರಿನಲ್ಲಿದ್ದ ಮೂರು ಹಂಗಾಮಿನ ಬಿಲ್ಲುಗಳನ್ನು ತೆಗೆದು ಸೋಮವಾರಕ್ಕೊಂದು, ಗುರುವಾರಕ್ಕೊಂದು ಸರಾಸರಿ ಕಟ್ಟಿದೆ. ಗುರುವಾರದ ದರ ಮೂರು ಹಂಗಾಮಿನಲ್ಲೂ ಕಡಿಮೆ! ರೈತರ ಮಾತೇ ಗೆದ್ದಿತು ಎಂದುಕೊಂಡೆ. ಆದರೆ ಬಿಲ್ಲಿನಲ್ಲಿ ತಳಿಯ ಹೆಸರೇ ಇರಲಿಲ್ಲ. ಅದು ತಕ್‌ಪಟ್ಟಿಯ, ಅಂದರೆ ತೂಕದ ಚೀಟಿಯ, ಕಾರ್ಬನ್ ಪ್ರತಿಯಲ್ಲಿ ‘ಡ’ (ಡಬ್ಬಿ), ‘ಕ’ (ಕಡ್ಡಿ), ‘ಗುಂ’ (ಗುಂಟೂರು) ಎಂಬ ಗೀಚುಗಳಾಗಿ ಕುಳಿತಿತ್ತು; ಮೊದಲೆರಡೂ ಬ್ಯಾಡಗಿ ಕಾಯಿಯ ಬಗೆಗಳು. ಮಾಲು ಯಾವ ಊರಿನದು, ಎಂದು ಇಳಿಯಿತು ಎಂಬುದು ಆವಕದ ಪುಸ್ತಕದಲ್ಲಿ. ಮೂರನ್ನೂ ಒಂದೇ ಹಾಳೆಗೆ ತರದೆ ವಿಧಿಯಿರಲಿಲ್ಲ.

ತಂದ ಮೊದಲ ದಿನವೇ ತಾರೀಖು ಕೈಕೊಟ್ಟಿತು. 02/03/2023 ಎಂದರೆ ನಮಗೆ ಮಾರ್ಚ್ 2, ಗುರುವಾರ. ಕಂಪ್ಯೂಟರ್ ಅದನ್ನು ಫೆಬ್ರುವರಿ 3 ಎಂದು ಓದಿತ್ತು, ಅಂದರೆ ಶುಕ್ರವಾರ. ಶುಕ್ರವಾರ ಎಲ್ಲಿಯ ಟೆಂಡರ್? ಅಲ್ಲಿಂದ, ಸೋಮವಾರ ಅಥವಾ ಗುರುವಾರ ಬೀಳದ ತಾರೀಖುಗಳನ್ನೆಲ್ಲ ಹೆಕ್ಕಿ ತಿದ್ದಿದೆ. ಅದರಲ್ಲೂ ಕಳ್ಳರಿದ್ದರು: ಜನವರಿ 5ರ ಗುರುವಾರ ತಲೆಕೆಳಗಾಗಿ ಮೇ 1 ಆಗಿತ್ತು, ಅದು ಸೋಮವಾರ! ಬಿಲ್ಲಿನ ಕ್ರಮಸಂಖ್ಯೆ ನೋಡಿದ್ದರಿಂದ ಸಿಕ್ಕಿಬಿದ್ದಿತು. ಊರಿನ ಹೆಸರುಗಳ ಕಥೆ ಬೇಡ. ಹೊಸಳ್ಳಿ, ಹೊಸಹಳ್ಳಿ, ಬರೀ ‘ಹೊ.ಹಳ್ಳಿ’, ಅದೂ ಬೇರೆ ಬೇರೆ ತಾಲ್ಲೂಕಿನವು. ಹದಿನೈದು ದಿನದ ಕೆಲಸದಲ್ಲಿ ಹನ್ನೆರಡು ದಿನ ಇದಕ್ಕೇ ಹೋಯಿತು.

ತಳಿ ಬೇರೆ ಮಾಡಿದ ಮೇಲೆ ಚಿತ್ರವೇ ತಿರುಗಿತು. ಡಬ್ಬಿಗೆ ಡಬ್ಬಿ ಹೋಲಿಸಿದರೆ ಎರಡೂ ದಿನ ಒಂದೇ ದರ, ಗುಂಟೂರಿನದೂ ಹಾಗೆಯೇ. ನಮ್ಮ ಅಂಗಡಿಗೆ ಬಳ್ಳಾರಿ, ರಾಯಚೂರು ಕಡೆಯ ಲಾರಿಗಳು ಹೆಚ್ಚಾಗಿ ಗುರುವಾರದ ಟೆಂಡರಿಗೆ ಬರುತ್ತಿದ್ದವು, ತುಂಬ ಗುಂಟೂರು ಕಾಯಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದದ್ದು ಮೈ ಸುಕ್ಕಾದ ಬ್ಯಾಡಗಿ ಕಾಯಿ; ಅದರ ಬಣ್ಣಕ್ಕೆ ಸಿಗುವ ಬೆಲೆ ಖಾರದ ಗುಂಟೂರಿಗೆ ಎಲ್ಲಿ ಸಿಗಬೇಕು? ಅಗ್ಗದ ಮಾಲು ಹೆಚ್ಚು ಬಂದ ದಿನ ಸರಾಸರಿ ಇಳಿದಿತ್ತು, ಅಷ್ಟೇ. ದಿನದ ಮೇಲೆ ಹೊರಿಸಿದ್ದ ತಪ್ಪು ಚೀಲದೊಳಗಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ರೈತರನ್ನು ಸುಳ್ಳರನ್ನಾಗಿ ಮಾಡಿಬಿಡುತ್ತಿದ್ದೆ. ಕಡ್ಡಿಯಲ್ಲಿ ಮಾತ್ರ ಗುರುವಾರ ದರದ ಚೂರು ಕೊರತೆ ಉಳಿದೇ ಇತ್ತು. ಒಂದು ರಾತ್ರಿ ಸುಮ್ಮನೆ ಬಿಲ್ಲಿನ ತಾರೀಖಿನಿಂದ ಆವಕದ ತಾರೀಖನ್ನು ಕಳೆದು ನೋಡಿದೆ. ಗುರುವಾರ ಕಡಿಮೆಗೆ ಹೋದ ಲಾಟುಗಳಲ್ಲಿ ಹಲವು ನಾಲ್ಕೈದು ದಿನ ಹಿಂದೆಯೇ ಇಳಿದಿದ್ದವು. ಅಂದರೆ ಅವು ಸೋಮವಾರದ ಮಾಲು. ಟೆಂಡರಿನಲ್ಲಿ ಬಂದ ದರ ಒಪ್ಪದೆ ರೈತ ‘ಇರಲಿ, ಗುರುವಾರ ನೋಡೋಣ’ ಎಂದು ಉಳಿಸಿಕೊಂಡದ್ದು. ಖರೀದಿದಾರರು ಒಮ್ಮೆ ಮೂಗು ಮುರಿದ ಕಾಯಿ ಅದು. ಗುರುವಾರ ಇನ್ನೂ ಇಳಿದು ಹೋಯಿತು. ಮೂರು ದಿನ ಅಂಗಡಿಯ ಮುಂದೆ ಚೀಲ ಕಾದವನಿಗೆ ಗುರುವಾರವೇ ನೆನಪಿನಲ್ಲಿ ಉಳಿಯುವುದು ಸಹಜ.

ಇದನ್ನು ಹೇಳಿದಾಗ ಮಾಲೀಕರು ನಕ್ಕರು. ‘ಹಮಾಲರನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು’ ಎಂದರು. ಇರಬಹುದು, ಆದರೆ ಹಮಾಲರನ್ನು ಏನೆಂದು ಕೇಳಬೇಕು ಎಂಬುದು ಮೊದಲ ದಿನ ನನಗೆ ಗೊತ್ತಿರಲಿಲ್ಲ.

ಈಗ ಬಿಲ್ಲಿನಲ್ಲೇ ತಳಿಗೊಂದು ಕಾಲಂ ಸೇರಿಸಿದ್ದೇನೆ. ಊರಿನ ಮುಂದೆ ತಾಲ್ಲೂಕನ್ನೂ ಬರೆಯುವಂತೆ ಆವಕದ ಹುಡುಗನಿಗೆ ಹೇಳಿದ್ದೇನೆ. ಬರೆಯುತ್ತಾನೆ. ಗದ್ದಲ ಜಾಸ್ತಿಯಾದ ಗುರುವಾರ ಮಾತ್ರ ಬಿಡುತ್ತಾನೆ.