ಪರ್ಫ್‌ನಲ್ಲಿ ಕಳೆದುಹೋದ ಸ್ಯಾಂಪಲ್‌ಗಳ ಲೆಕ್ಕ ಹಿಡಿದದ್ದು ಹೀಗೆ

ಪ್ರೋಗ್ರಾಂಗಳು ಸಮಯ ಎಲ್ಲಿ ಕಳೆಯುತ್ತವೆ ಎಂದು ಅಳೆಯುವ ಲಿನಕ್ಸ್ ಸಾಧನ ಪರ್ಫ್. ಸಿಪಿಯು ಏನು ಮಾಡುತ್ತಿದೆ ಎಂದು ಅದು ಆಗಾಗ ಇಣುಕಿ ಬರೆದಿಡುತ್ತದೆ, ಒಂದೊಂದು ಇಣುಕುನೋಟವೂ ಒಂದು ಸ್ಯಾಂಪಲ್. ಹೀಗೆ ಹಿಡಿದ ಡೇಟಾ ತೆರೆದಾಗ ಒಮ್ಮೊಮ್ಮೆ ಒಂದು ಎಚ್ಚರಿಕೆ ಬರುತ್ತದೆ. ಇಷ್ಟು ಈವೆಂಟ್ ಓದಿದೆ, ಇಷ್ಟು ಚಂಕ್ ಕಳೆದುಹೋಗಿದೆ, ಐಒ ಅಥವಾ ಸಿಪಿಯು ಲೋಡ್ ಜಾಸ್ತಿ ಆಗಿದೆಯಾ ನೋಡಿ ಅಂತ. ಇದನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಲಕ್ಷಗಟ್ಟಲೆ ಸ್ಯಾಂಪಲ್ ಇರುವಾಗ ನೂರಿನ್ನೂರು ಹೋದರೆ ಏನಾಯಿತು, ಅಲ್ವಾ? ಎಲ್ಲ ಕಡೆಯಿಂದಲೂ ಸಮನಾಗಿ ಹೋದರೆ ನಿಜಕ್ಕೂ ಏನೂ ಆಗುವುದಿಲ್ಲ. ಆದರೆ ಹಾಗೆ ಹೋಗುವುದಿಲ್ಲ. ಸಿಸ್ಟಮ್ ಏದುಸಿರು ಬಿಡುವ ಹೊತ್ತಿನಲ್ಲೇ, ಸ್ಯಾಂಪಲ್‌ಗಳನ್ನು ಓದುವ ತನಕ ಇಟ್ಟುಕೊಳ್ಳುವ ಬಫರ್ ತುಂಬುತ್ತದೆ. ನಾವು ಹುಡುಕುವ ತೊಂದರೆಯೂ ಅದೇ ಹೊತ್ತಿನಲ್ಲಿ ಇರುತ್ತದೆ.

ನನ್ನ ಕೈಗೆ ಬಂದ ಸರ್ವರ್ ಆಗಾಗ ಒಂದರ್ಧ ಸೆಕೆಂಡ್ ತಡವರಿಸುತ್ತಿತ್ತು. ಸೈಕಲ್ಸ್ (ಸಿಪಿಯು ಗಡಿಯಾರದ ಎಣಿಕೆ) ಮತ್ತು ಸ್ಕೆಡ್ ಸ್ವಿಚ್ ಟ್ರೇಸ್‌ಪಾಯಿಂಟ್ (ಸಿಪಿಯು ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಹೊರಳಿದಾಗಲೆಲ್ಲ ಬರುವ ದಾಖಲೆ), ಈ ಎರಡೂ ಈವೆಂಟ್‌ಗಳನ್ನು ಒಂದೇ ರನ್‌ನಲ್ಲಿ ಹಿಡಿದೆ. ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂದು ತೋರಿಸುವ ಕಾಲ್‌ಗ್ರಾಫ್‌ಗೆ, ಸ್ಟಾಕ್ ನಕಲಿನಿಂದ ಅದನ್ನು ಕಟ್ಟುವ ಡ್ವಾರ್ಫ್ ವಿಧಾನ. ನೋಡಿದರೆ, ತಡವರಿಸಿದ ಹೊತ್ತಿನ ಸ್ಯಾಂಪಲ್‌ಗಳೇ ಕಡಿಮೆ. ಮೊದಲು ಅವು ಎಲ್ಲಿ ಹೋದವು ಎಂದು ನೋಡಬೇಕಿತ್ತು.

ಪ್ರತಿ ಸಿಪಿಯುಗೂ ಒಂದು ರಿಂಗ್ ಬಫರ್ ಇರುತ್ತದೆ, ಅಂದರೆ ತುದಿ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಬರೆಯುವ ಬಫರ್. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುತ್ತಾ ಡೇಟಾ ಹೆಡ್ಡನ್ನು ಮುಂದೆ ತಳ್ಳುತ್ತದೆ, ಪರ್ಫ್ ಓದುತ್ತಾ ಡೇಟಾ ಟೇಲನ್ನು ಮುಂದೆ ತಳ್ಳುತ್ತದೆ. ಓದುವುದು ಹಿಂದೆ ಬಿದ್ದರೆ ಜಾಗ ಮುಗಿಯುತ್ತದೆ. ಕರ್ನಲ್ ಆಗ ಕಾಯುವುದಿಲ್ಲ. ಎನ್‌ಎಂಐ (ತಡೆಯಲಾಗದ ಇಂಟರಪ್ಟ್) ಒಳಗೆ ಕಾಯುವ ಹಾಗೂ ಇಲ್ಲ. ಆ ಸ್ಯಾಂಪಲ್ ಬಿಟ್ಟು, ಒಂದು ಎಣಿಕೆ ಏರಿಸಿ, ತನ್ನ ಪಾಡಿಗೆ ಹೋಗುತ್ತದೆ. ಮತ್ತೆ ಜಾಗ ಸಿಕ್ಕಾಗ, ಹೊಸ ರೆಕಾರ್ಡಿಗಿಂತ ಮೊದಲು, ಇಷ್ಟು ಹೋಯಿತು ಎಂದು ಒಂದು ಲಾಸ್ಟ್ (ಕಳೆದುಹೋದದ್ದರ) ರೆಕಾರ್ಡ್ ಬರೆಯುತ್ತದೆ.

ಈ ಲಾಸ್ಟ್ ರೆಕಾರ್ಡಿನಲ್ಲಿ ಒಂದು ಈವೆಂಟ್ ಐಡಿ ಇರುತ್ತದೆ. ಅದನ್ನು ನಂಬಬೇಡಿ. ಅದು ಜಾಗ ಸಿಕ್ಕ ಮೇಲೆ ಮೊದಲು ಬಂದ ಈವೆಂಟಿನ ಐಡಿ. ಕಳೆದದ್ದು ಯಾರದ್ದೋ, ಹೆಸರು ಬರುವುದು ಯಾರದ್ದೋ. ಒಂದೇ ಸಿಪಿಯುನ ಈವೆಂಟ್‌ಗಳೆಲ್ಲ ಒಂದೇ ಬಫರ್ ಹಂಚಿಕೊಳ್ಳುವುದರಿಂದ ಈ ಗೊಂದಲ. ಕಳೆದ ಮೇಲೆ ಆ ಬಫರಿಗೆ ಮತ್ತೇನೂ ಬರದಿದ್ದರೆ ಲಾಸ್ಟ್ ರೆಕಾರ್ಡ್ ಬರುವುದೇ ಇಲ್ಲ. ಇನ್ನೊಂದು ವಿಷಯ: ಆ ಎಣಿಕೆಯಲ್ಲಿ ಸ್ಯಾಂಪಲ್ ಅಲ್ಲದ ರೆಕಾರ್ಡ್‌ಗಳೂ ಸೇರಿರುತ್ತವೆ. ಸಾವಿರ ಸ್ಯಾಂಪಲ್ ಹೋದರೂ ನನಗೆ ಅಷ್ಟು ಚಿಂತೆಯಿಲ್ಲ, ಲೈಬ್ರರಿ ಮೆಮರಿಯಲ್ಲಿ ಎಲ್ಲಿದೆ ಎಂದು ಹೇಳುವ ಒಂದು ಎಂಮ್ಯಾಪ್ ರೆಕಾರ್ಡ್ ಹೋದರೆ ಆ ಲೈಬ್ರರಿಯ ಫಂಕ್ಷನ್‌ಗಳಿಗೆಲ್ಲ ಹೆಸರೇ ಇಲ್ಲದಂತಾಗುತ್ತದೆ.

ಯಾವ ಈವೆಂಟ್ ಎಷ್ಟು ಕಳೆದುಕೊಂಡಿತು ಎಂದು ತಿಳಿಯಲು ಕರ್ನಲ್ 6.0ರಲ್ಲಿ ದಾರಿ ಬಂತು. ರೀಡ್ ಫಾರ್ಮ್ಯಾಟ್‌ನಲ್ಲಿ (ಓದಿದಾಗ ಏನೇನು ಬರಬೇಕು ಎಂಬ ಸೆಟ್ಟಿಂಗ್) ಲಾಸ್ಟ್ ಬಿಟ್ ಹಾಕಿದರೆ, ಈವೆಂಟಿನ ಎಫ್‌ಡಿ (ತೆರೆದ ಈವೆಂಟನ್ನು ಓದಲು ಕರ್ನಲ್ ಕೊಡುವ ಸಂಖ್ಯೆ) ಓದಿದಾಗ ಅದರದ್ದೇ ಲಾಸ್ಟ್ ಎಣಿಕೆ ಕೊನೆಯ 64 ಬಿಟ್‌ನಲ್ಲಿ ಬರುತ್ತದೆ. ಹೊಸ ಪರ್ಫ್ ಇದನ್ನು ರನ್ನಿನ ಕೊನೆಯಲ್ಲಿ ಓದಿ ಫೈಲಿಗೆ ಸೇರಿಸುತ್ತದೆ. ಪರ್ಫ್ ರಿಪೋರ್ಟಿಗೆ ಸ್ಟ್ಯಾಟ್ಸ್ ಆಯ್ಕೆ ಕೊಟ್ಟರೆ ಕಾಣುತ್ತದೆ. ಆದರೆ ಕೊನೆಯ ಮೊತ್ತ ನನಗೆ ಸಾಕಾಗಲಿಲ್ಲ, ಯಾವಾಗ ಹೋಯಿತು ಎಂದು ಬೇಕಿತ್ತು. ಹಾಗಾಗಿ ಒಂದು ಸಣ್ಣ ಸಿ ಪ್ರೋಗ್ರಾಂ ಬರೆದೆ. ಅದೇ ಈವೆಂಟ್‌ಗಳನ್ನು ತಾನೇ ತೆರೆದು, ಸೆಕೆಂಡಿಗೆ ಹತ್ತು ಸಲ ಪ್ರತಿ ಎಫ್‌ಡಿ ಓದಿ, ಹಿಂದಿನ ಎಣಿಕೆಗೂ ಈಗಿನದಕ್ಕೂ ವ್ಯತ್ಯಾಸ ಬರೆದಿಡುತ್ತದೆ, ಅಷ್ಟೇ.

ಚಿತ್ರ ತಕ್ಷಣ ತಿಳಿಯಾಯಿತು. ಲಾಸ್ಟ್ ರೆಕಾರ್ಡ್‌ಗಳು ಬಹುಪಾಲು ಸೈಕಲ್ಸ್ ಹೆಸರಿನಲ್ಲಿದ್ದವು. ಎಫ್‌ಡಿ ಎಣಿಕೆಯಲ್ಲಿ ಸಿಂಹಪಾಲು ಸ್ಕೆಡ್ ಸ್ವಿಚ್‌ನದ್ದು. ತಡವರಿಸುವ ಹೊತ್ತಿನಲ್ಲಿ ಥ್ರೆಡ್‌ಗಳು ಒಂದೇ ಸಮ ಅದಲುಬದಲಾಗುತ್ತಿದ್ದವು, ಒಂದೊಂದು ಸ್ವಿಚ್ಚಿಗೂ ಒಂದು ರೆಕಾರ್ಡ್. ಆ ಪ್ರವಾಹದಲ್ಲಿ ಸೈಕಲ್ಸ್ ಸ್ಯಾಂಪಲ್‌ಗಳೂ ಕೊಚ್ಚಿಹೋಗುತ್ತಿದ್ದವು.

ಇದರ ಜೊತೆಗೆ ಡ್ವಾರ್ಫ್. ಅದು ಪ್ರತಿ ಸ್ಯಾಂಪಲ್ಲಿನ ಜೊತೆ 8192 ಬೈಟ್ ಸ್ಟಾಕ್ ನಕಲು ಮಾಡುತ್ತದೆ. ಸಾಮಾನ್ಯ ಬಫರ್ 512 ಕೆಬಿ. ಅಂದರೆ 64 ಕೂಡ ಹಿಡಿಸುವುದಿಲ್ಲ. ಪರ್ಫ್‌ನ ಮಾಮೂಲಿ ವೇಗ ಸೆಕೆಂಡಿಗೆ 4000 ಸ್ಯಾಂಪಲ್. ಪೂರ್ತಿ ಬಿಜಿಯಾದ ಸಿಪಿಯುನಲ್ಲಿ ಬಫರ್ ತುಂಬಲು 16 ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಪರ್ಫ್‌ಗೆ ಸಿಪಿಯು ಸಿಗದಿದ್ದರೆ ನಷ್ಟ ಶುರು. ಒಂದು ಸಿಪಿಯುಗೆ ಸೆಕೆಂಡಿಗೆ ಸುಮಾರು 32 ಎಂಬಿ, 16 ಸಿಪಿಯು ಇದ್ದರೆ 500 ಎಂಬಿ ದಾಟುತ್ತದೆ. ಡಿಸ್ಕ್ ಇದನ್ನು ನುಂಗಬೇಕಲ್ಲ!

ಪರ್ಫ್‌ನ -m ಆಯ್ಕೆಯಿಂದ ಬಫರ್ ದೊಡ್ಡದು ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಆಗೊಮ್ಮೆ ಈಗೊಮ್ಮೆ ಬರುವ ರಭಸಕ್ಕೆ ಅದು ಸರಿ. ಓದುವುದಕ್ಕಿಂತ ಬರೆಯುವುದೇ ಸದಾ ಜಾಸ್ತಿ ಇದ್ದರೆ ಎಷ್ಟು ದೊಡ್ಡ ಬಫರ್ ಆದರೂ ಸುಮ್ನೆ ಸ್ವಲ್ಪ ತಡವಾಗಿ ತುಂಬುತ್ತದೆ. ನಾನು ಎರಡು ಈವೆಂಟ್‌ಗಳನ್ನು ಬೇರೆಬೇರೆ ರನ್ ಮಾಡಿದೆ. ಸರ್ವರಿನ ಪ್ರೋಗ್ರಾಮನ್ನು ಫ್ರೇಮ್ ಪಾಯಿಂಟರ್ (ಕರೆದ ಫಂಕ್ಷನ್‌ಗಳ ಜಾಡು ಹಿಡಿಯಲು ಬೇಕಾದ ಗುರುತು) ಉಳಿಸಿ ಮತ್ತೆ ಕಂಪೈಲ್ ಮಾಡಿ ಡ್ವಾರ್ಫ್ ಬಿಟ್ಟೆ, ಸೈಕಲ್ಸ್ ವೇಗವನ್ನು ಸೆಕೆಂಡಿಗೆ 99ಕ್ಕೆ ಇಳಿಸಿದೆ. ಬಫರ್ ದೊಡ್ಡದು ಮಾಡಿದ್ದು ಸ್ಕೆಡ್ ಸ್ವಿಚ್ ರನ್ನಿಗೆ ಮಾತ್ರ. ಅಲ್ಲಿ ಆಮೇಲೂ ಚೂರುಪಾರು ನಷ್ಟವಿತ್ತು.

ಆ ಉಳಿದ ನಷ್ಟಕ್ಕೆ ಪರ್ಫ್ ಸ್ಕ್ರಿಪ್ಟ್‌ನಲ್ಲಿ ಲಾಸ್ಟ್ ಈವೆಂಟ್ ತೋರಿಸುವ ಆಯ್ಕೆ ಹಾಕಿ ಸಿಪಿಯುವಾರು ನೋಡಿದೆ. ಲಾಸ್ಟ್ ರೆಕಾರ್ಡಿನ ಸಮಯ ಅಂದರೆ ನಷ್ಟ ಮುಗಿದು ಮತ್ತೆ ಜಾಗ ಸಿಕ್ಕ ಸಮಯ. ನಷ್ಟ ಶುರುವಾದದ್ದು ಅದೇ ಸಿಪಿಯುನ ಹಿಂದಿನ ರೆಕಾರ್ಡ್ ಆದಮೇಲೆ. ಈ ಎರಡರ ನಡುವಿನ ಹೊತ್ತನ್ನು ಗ್ರಾಫಿನಲ್ಲಿ ಬೂದು ಬಣ್ಣ ಬಳಿದು ತೋರಿಸುತ್ತೇನೆ. ಅಲ್ಲಿ ಏನೂ ನಡೆದಿಲ್ಲ ಎಂದು ಯಾರೂ ಓದಿಕೊಳ್ಳಬಾರದು.

ಇಷ್ಟಾದರೂ ಯಾವ ಲಾಸ್ಟ್ ಎಣಿಕೆಗೂ ಸಿಗದ ನಷ್ಟ ಇದೆ. ಇಂಟರಪ್ಟ್ ಹೆಚ್ಚು ಹೊತ್ತು ತೆಗೆದುಕೊಂಡರೆ ಕರ್ನಲ್ ತಾನೇ ಗರಿಷ್ಠ ಸ್ಯಾಂಪಲ್ ವೇಗ ಇಳಿಸುತ್ತದೆ. ಮಿತಿ ಮೀರಿದ ಈವೆಂಟನ್ನು ಥ್ರಾಟಲ್ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಆಗ ಸ್ಯಾಂಪಲ್ ಹುಟ್ಟುವುದೇ ಇಲ್ಲ, ಹಾಗಾಗಿ ಕಳೆದ ಲೆಕ್ಕಕ್ಕೂ ಬರುವುದಿಲ್ಲ. ಇದನ್ನು ಹಿಡಿಯಲು ಒಂದು ಸಿಪಿಯುಗೆ ಕಟ್ಟಿದ ಖಾಲಿ ಲೂಪ್ ಓಡಿಸುತ್ತೇನೆ. 99ರ ವೇಗದಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ 99 ಬರಬೇಕು. ಬಂದದ್ದು ಮತ್ತು ಕಳೆದದ್ದು ಕೂಡಿದರೂ ತೀರಾ ಕಡಿಮೆ ಇದ್ದರೆ, ಫೈಲಿನಲ್ಲಿ ಥ್ರಾಟಲ್ ರೆಕಾರ್ಡ್, ಕರ್ನಲ್ ಲಾಗ್‌ನಲ್ಲಿ ವೇಗ ಇಳಿಸಿದ ಸಾಲು ಇವೆಯಾ ಎಂದು ಹುಡುಕುತ್ತೇನೆ.